ಹೊತ್ತವರಿಗೇ ಗೊತ್ತು ಹೊರೆಯ ಭಾರ

ನಮ್ಮ ಸಂಡೂರು ತೂಕದ ಊರು. ಇಲ್ಲಿ ತೂಗಿಸಿಕೊಳ್ಳದೆ ಯಾವ ವಸ್ತುವೂ ಊರು ದಾಟುವುದಿಲ್ಲ. ಗಣಿಯಿಂದ ಇಳಿದ ಲಾರಿ ವೇಬ್ರಿಜ್ಜಿನ ಮೇಲೆ ನಿಂತು ಚೀಟಿ ಪಡೆದ ನಂತರವೇ ಮುಂದಿನ ದಾರಿ ಹಿಡಿಯುತ್ತದೆ. ಅದಿರಿನಲ್ಲಿ ಕಬ್ಬಿಣದ ಅಂಶ ಶೇಕಡಾ ಎಷ್ಟೆಂಬುದನ್ನು ಪ್ರಯೋಗಶಾಲೆಯವರು ದಶಾಂಶ ಸ್ಥಾನದವರೆಗೆ ಲೆಕ್ಕಹಾಕಿ ಹೇಳುತ್ತಾರೆ. ಬೆಟ್ಟ ಇಳಿದು ಕಂಪ್ಲಿಯ ಕಡೆಗೆ ಹೋದರೆ ಭತ್ತಕ್ಕೂ ತೂಕ, ಕಬ್ಬಿಗೂ ತೂಕ. ಆದರೆ ಇವೆಲ್ಲವನ್ನೂ ಅಗೆದವರ, ಒಡೆದವರ, ಹೊತ್ತವರ, ಇಳಿಸಿದವರ ಮೈಗೆ ಆದ ದಣಿವನ್ನು ತೂಗುವ ತಕ್ಕಡಿ ಯಾವುದು? ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಈ ಭಾಗದ ಪ್ರೌಢಶಾಲೆಗಳಲ್ಲಿ ವಿಜ್ಞಾನ ಬೋಧಿಸಿದವನು ನಾನು. ಉದ್ದ, ತೂಕ, ಕಾಲ, ಉಷ್ಣತೆ ಇವುಗಳ ಅಳತೆಯನ್ನು ಎಷ್ಟೋ ತಲೆಮಾರಿನ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ದಣಿವಿನ ಅಳತೆಯ ವಿಚಾರ ಮಾತ್ರ ಯಾವ ಪಠ್ಯಪುಸ್ತಕದಲ್ಲಿಯೂ ಇರಲಿಲ್ಲ. ಅಂಥ ಅಳತೆಯೊಂದು ಇದೆಯೆಂದೂ ಅದು ಅತ್ಯಂತ ಸರಳವಾದುದೆಂದೂ ನನಗೆ ತಿಳಿದದ್ದು ಸೇವೆಯ ಕೊನೆಯ ವರ್ಷಗಳಲ್ಲಿ. ಅದರ ಕುರಿತು ನಾಲ್ಕು ಮಾತುಗಳನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಒಂಬತ್ತನೆಯ ತರಗತಿಯ ಭೌತವಿಜ್ಞಾನದಲ್ಲಿ 'ಕೆಲಸ ಮತ್ತು ಶಕ್ತಿ' ಎಂಬ ಪಾಠವಿರುವುದು ಬಹಳ ಜನಕ್ಕೆ ನೆನಪಿರಬಹುದು. ಬಲ ಪ್ರಯೋಗಿಸಿದ ದಿಕ್ಕಿನಲ್ಲಿ ವಸ್ತು ಸರಿದರೆ ಮಾತ್ರ ಕೆಲಸ ನಡೆಯಿತೆಂದು ಅರ್ಥ. ಆದ್ದರಿಂದ ತಲೆಯ ಮೇಲೆ ಹೊರೆ ಹೊತ್ತು ಸಮತಟ್ಟಾದ ನೆಲದ ಮೇಲೆ ನಡೆಯುವ ಕೂಲಿಯು ಗುರುತ್ವದ ವಿರುದ್ಧ ಮಾಡಿದ ಕೆಲಸ ಸೊನ್ನೆ. ಇದು ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ. 2006ರ ಸುಮಾರಿನಲ್ಲಿ, ಗಣಿಗಾರಿಕೆ ಉತ್ತುಂಗದಲ್ಲಿದ್ದ ಕಾಲ, ಈ ಉದಾಹರಣೆಯನ್ನು ಹಲಗೆಯ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ನಮ್ಮವ್ವ ದಿನಾ ಪುಟ್ಟಿ ಹೊತ್ಕಂಡು ಓಡಾಡ್ತಾಳ. ಸಂಜಿಕೆ ಬಂದು ಹಂಗೇ ನೆಲಕ್ಕ ಬಿದ್ಕಂತಾಳ. ಅದು ಸೊನ್ನಿ ಹೆಂಗಾತು ಸಾರ್?" ಎಂದಳು. ತರಗತಿಯಲ್ಲಿ ಯಾರೂ ನಗಲಿಲ್ಲ. ಅಲ್ಲಿದ್ದ ಅರ್ಧದಷ್ಟು ಮಕ್ಕಳ ತಾಯಂದಿರು ಪುಟ್ಟಿ ಹೊರುವವರೇ ಆಗಿದ್ದರು.

ಆ ದಿನ ಪಾಠವನ್ನು ಅಲ್ಲಿಗೆ ನಿಲ್ಲಿಸಿ ಅವಳ ಪ್ರಶ್ನೆಯನ್ನೇ ಪಾಠ ಮಾಡಿದೆ. ಗೋಡೆಯ ಗೂಟಕ್ಕೆ ಚೀಲ ನೇತುಹಾಕಿದರೆ ಗೂಟ ದಣಿಯುವುದಿಲ್ಲ. ಅದೇ ಚೀಲವನ್ನು ತೋಳು ಚಾಚಿ ಹಿಡಿದು ನಿಂತರೆ ಎರಡು ನಿಮಿಷದಲ್ಲಿ ತೋಳು ನಡುಗುತ್ತದೆ. ಎರಡೂ ಕಡೆ ಚೀಲ ಕದಲಿಲ್ಲ. ಹಾಗಾದರೆ ವ್ಯತ್ಯಾಸವೆಲ್ಲಿ? ಸ್ನಾಯುವಿನ ಎಳೆಗಳು ಸೆಳೆತವನ್ನು ಉಳಿಸಿಕೊಳ್ಳಲು ಒಳಗೊಳಗೇ ಬಿಡುವಿಲ್ಲದೆ ದುಡಿಯುತ್ತಿರುತ್ತವೆ. ಅದಕ್ಕೆ ರಕ್ತ ಬೇಕು, ಆಮ್ಲಜನಕ ಬೇಕು, ತಿಂದ ಅನ್ನ ಬೇಕು. ಬಿಗಿಹಿಡಿದ ಸ್ನಾಯುವಿನೊಳಗೆ ರಕ್ತ ಸರಾಗವಾಗಿ ಹರಿಯಲಾರದು. ಆದ್ದರಿಂದ ನಿಂತಲ್ಲೇ ಹೊತ್ತು ನಿಲ್ಲುವುದು ಕೆಲವೊಮ್ಮೆ ನಡೆಯುವುದಕ್ಕಿಂತ ಕಠಿಣ. ಭೌತವಿಜ್ಞಾನದ 'ಕೆಲಸ' ಎಂಬ ಮಾತು ಹೊರೆಗೆ ಏನಾಯಿತೆಂದು ಕೇಳುತ್ತದೆ. ಹೊತ್ತವರಿಗೆ ಏನಾಯಿತೆಂದು ಕೇಳುವುದಿಲ್ಲ. ಅದು ಆ ಶಾಸ್ತ್ರದ ದೋಷವಲ್ಲ, ಅದರ ಎಲ್ಲೆ. ಎಲ್ಲೆಯ ಆಚೆಗಿರುವುದನ್ನು ಅಳೆಯಲು ಬೇರೆ ಕೋಲು ಬೇಕು.

ನಮ್ಮ ಕಡೆಯ ಪುಟ್ಟಿಯ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಸಾಮಾನ್ಯ ಕಲ್ಲಿನ ಸಾಂದ್ರತೆ ನೀರಿನ ಎರಡೂವರೆ ಪಟ್ಟು ಇದ್ದರೆ ಹೆಮಟೈಟ್ ಎಂಬ ಕಬ್ಬಿಣದ ಅದಿರಿನದು ಸುಮಾರು ಐದು ಪಟ್ಟು. ಬೇರೆ ಊರಿನಲ್ಲಿ ಜಲ್ಲಿ ಹೊರುವವಳ ಪುಟ್ಟಿಯೂ ನಮ್ಮ ಊರಿನಲ್ಲಿ ಅದಿರು ಹೊರುವವಳ ಪುಟ್ಟಿಯೂ ನೋಡುವವರ ಕಣ್ಣಿಗೆ ಒಂದೇ. ಆದರೆ ಅರ್ಧ ತುಂಬಿದ ಅದಿರಿನ ಪುಟ್ಟಿ ತುಂಬಿದ ಜಲ್ಲಿಯ ಪುಟ್ಟಿಯಷ್ಟು ತೂಗುತ್ತದೆ. ದೂರದಿಂದ ನೋಡಿ "ಪುಟ್ಟಿ ತುಂಬಾ ತುಂಬವ್ವ" ಎನ್ನುವವನಿಗೆ ಈ ಲೆಕ್ಕ ತಿಳಿಯದು.

ಸಂಡೂರಿನ ಬೆಟ್ಟಗಳಲ್ಲಿ ಮ್ಯಾಂಗನೀಸ್ ತೆಗೆಯುವ ಕಾಯಕ ಇಪ್ಪತ್ತನೆಯ ಶತಮಾನದ ಆರಂಭದಷ್ಟು ಹಳೆಯದು. 1949ರಲ್ಲಿ ಸಂಡೂರು ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಆರಂಭವಾಯಿತು. 1977ರಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ದೋಣಿಮಲೈ ಗಣಿಯಲ್ಲಿ ದೊಡ್ಡ ಯಂತ್ರಗಳ ಉತ್ಪಾದನೆ ಶುರುವಾಯಿತು. ಆದರೂ ಸುತ್ತಿಗೆ, ಹಾರೆ, ಸಲಿಕೆ, ಜರಡಿ, ಪುಟ್ಟಿಗಳು ಮೂಲೆ ಸೇರಲಿಲ್ಲ. 2003ರ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಜೋಳ ಬೆಳೆಯುತ್ತಿದ್ದ ಹೊಲಗಳನ್ನೂ ಅಗೆದು ಮೇಲ್ಪದರದ ಅದಿರನ್ನು ಆರಿಸತೊಡಗಿದರು. ರಸ್ತೆಯ ಇಕ್ಕೆಲಗಳಲ್ಲಿ ಕುಟುಂಬಕ್ಕೆ ಕುಟುಂಬವೇ ಕುಳಿತು ಕಲ್ಲು ಒಡೆಯುವುದನ್ನೂ ಜರಡಿ ಹಿಡಿಯುವುದನ್ನೂ ಆ ವರ್ಷಗಳಲ್ಲಿ ಈ ದಾರಿಯಲ್ಲಿ ಸಂಚರಿಸಿದವರೆಲ್ಲ ಕಂಡಿದ್ದಾರೆ. ಹಾಜರಿ ಪುಸ್ತಕದಲ್ಲಿ ನಾನು ಹಾಕಿದ ಗೈರುಹಾಜರಿಯ ಗುರುತುಗಳಲ್ಲಿ ಎಷ್ಟೋ ಆ ರಾಶಿಗಳ ಬಳಿ ಇದ್ದವು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಆಗ ಎಷ್ಟು ದಶಲಕ್ಷ ಟನ್ ಅದಿರು ಹೋಯಿತು, ಎಷ್ಟು ಕೋಟಿ ನಷ್ಟವಾಯಿತು, ಎಷ್ಟು ಎಕರೆ ಕಾಡು ಹಾಳಾಯಿತು ಎಂಬ ಲೆಕ್ಕಗಳು ನಾಡಿನ ಮುಂದೆ ಬಂದವು. ಅವೆಲ್ಲವೂ ಬೇಕಾದ ಲೆಕ್ಕಗಳೇ. ಮನುಷ್ಯರ ನಡು, ಮಂಡಿ, ಕತ್ತುಗಳ ಲೆಕ್ಕ ಮಾತ್ರ ಅವುಗಳ ನಡುವೆ ಕಾಣಲಿಲ್ಲ.

ಹಾಗೆಂದು ಮೈದುಡಿಮೆಯನ್ನು ಅಳೆಯುವ ಪ್ರಯತ್ನ ಲೋಕದಲ್ಲಿ ನಡೆದೇ ಇಲ್ಲವೆಂದಲ್ಲ. ಅಮೆರಿಕದ ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರು 1899ರಲ್ಲಿ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣದ ಗಟ್ಟಿಗಳನ್ನು ಹೊತ್ತು ರೈಲು ಡಬ್ಬಿಗೆ ತುಂಬುವವರನ್ನು ಪರಿಶೀಲಿಸಿದನು. ಒಂದೊಂದು ಗಟ್ಟಿಯ ತೂಕ 92 ಪೌಂಡು, ಅಂದರೆ ಸುಮಾರು 42 ಕಿಲೋ. ದಿನಕ್ಕೆ ಒಬ್ಬ ಹನ್ನೆರಡೂವರೆ ಟನ್ ಹೊರುತ್ತಿದ್ದುದನ್ನು 47 ಟನ್ನಿಗೆ ಏರಿಸಿದೆನೆಂದು ತನ್ನ 1911ರ ಪುಸ್ತಕದಲ್ಲಿ ಹೇಳಿಕೊಂಡನು. ಕೂಲಿ ಏರಿದ್ದು 1 ಡಾಲರ್ 15 ಸೆಂಟಿನಿಂದ 1 ಡಾಲರ್ 85 ಸೆಂಟಿಗೆ. ಹೊರೆ ಸುಮಾರು ನಾಲ್ಕು ಪಟ್ಟು, ಕೂಲಿ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಈ ಲೆಕ್ಕವನ್ನು ಏಳನೆಯ ತರಗತಿಯ ಮಗುವೂ ಮಾಡಬಲ್ಲದು. ಆ ಕಥೆಯಲ್ಲಿ ಉತ್ಪ್ರೇಕ್ಷೆ ಇದೆಯೆಂದು ಮುಂದಿನ ಇತಿಹಾಸಕಾರರು ತೋರಿಸಿದ್ದಾರೆ. ಆದರೂ ಅದರಲ್ಲಿ ಒಂದು ತಿಳಿವಳಿಕೆಯ ಮಾತಿದೆ: ಅಂಥ ಭಾರ ಹೊರುವವನು ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಹೊರೆಯಿಲ್ಲದೆ ಇರಬೇಕು ಎಂದು ಟೇಲರನೇ ಬರೆದಿದ್ದಾನೆ. ಯಾವಾಗ ಹೊರಬೇಕು, ಯಾವಾಗ ಕೂರಬೇಕು ಎಂಬುದನ್ನು ಗಡಿಯಾರ ಹಿಡಿದವನು ಹೇಳುತ್ತಿದ್ದ. ಹೊತ್ತವನನ್ನು ಯಾರೂ ಕೇಳಲಿಲ್ಲ.

ನಮ್ಮ ನಾಡಿನಲ್ಲೂ ಇಂಥ ಅಧ್ಯಯನವೊಂದು ಬಹಳ ಹಿಂದೆಯೇ ನಡೆದಿದೆ. ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯೇ ಕೈ ಸುಡುವಷ್ಟು ಬಿಸಿ. ನೆಲದಡಿಯಲ್ಲಿ ದುಡಿಯುತ್ತಿದ್ದವರು ಇದ್ದಕ್ಕಿದ್ದಂತೆ ಕುಸಿದು ಬೀಳುತ್ತಿದ್ದುದರ ಬಗ್ಗೆ ಕ್ಯಾಪ್ಲನ್ ಎಂಬ ವೈದ್ಯರು 1944ರಲ್ಲಿ ಬ್ರಿಟಿಷ್ ಗಣಿಗಾರಿಕಾ ಪತ್ರಿಕೆಯೊಂದರಲ್ಲಿ ಲೇಖನ ಪ್ರಕಟಿಸಿದರು. ಬಿಸಿಯಲ್ಲಿ ಮೈದುಡಿಮೆ ಎಷ್ಟು ಕುಗ್ಗುತ್ತದೆ ಎಂಬ ಪ್ರಯೋಗಗಳೂ ಅಲ್ಲಿ ನಡೆದವು. ಇವೆಲ್ಲ ಹೊರಗಿನಿಂದ ನೋಡಿ ಅಳೆಯುವ ಅಳತೆಗಳು: ಎಷ್ಟು ಟನ್, ಎಷ್ಟು ನಿಮಿಷ, ಮೈಯ ಉಷ್ಣತೆ ಎಷ್ಟು, ನಾಡಿ ಎಷ್ಟು.

ಒಳಗಿನಿಂದ ಅಳೆಯುವ ದಾರಿಯನ್ನು ತೋರಿಸಿದವರು ಸ್ವೀಡನ್ ದೇಶದ ಮನೋವಿಜ್ಞಾನಿ ಗುನ್ನಾರ್ ಬೋರ್ಗ್. 1927ರಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡ ಅವರು 1960ರ ದಶಕದಲ್ಲಿ ಒಂದು ಸಣ್ಣ ಪಟ್ಟಿ ಸಿದ್ಧಪಡಿಸಿದರು. ಅದರಲ್ಲಿ 6ರಿಂದ 20ರವರೆಗೆ ಅಂಕಿಗಳಿವೆ. 6 ಎಂದರೆ ಶ್ರಮವೇ ಇಲ್ಲ, 9 ಬಹಳ ಹಗುರ, 11 ಹಗುರ, 13 ತುಸು ಕಷ್ಟ, 15 ಕಷ್ಟ, 17 ಬಹಳ ಕಷ್ಟ, 19 ವಿಪರೀತ ಕಷ್ಟ, 20 ಇನ್ನು ಮೈಯಲ್ಲಿ ಏನೂ ಉಳಿದಿಲ್ಲ. ಕೆಲಸ ಮಾಡುತ್ತಿರುವವರಿಗೆ ಪಟ್ಟಿ ತೋರಿಸಿ "ಈಗ ನಿಮಗೆ ಎಷ್ಟು?" ಎಂದು ಕೇಳುವುದು, ಅವರು ಹೇಳಿದ್ದನ್ನು ಬರೆದುಕೊಳ್ಳುವುದು. ಇಷ್ಟೇ ವಿಧಾನ.

ಒಂದರಿಂದ ಎಣಿಸುವುದನ್ನು ಬಿಟ್ಟು ಆರರಿಂದ ಏಕೆ ಎಂದು ಯಾರಿಗಾದರೂ ಅನಿಸೀತು. ಆರೋಗ್ಯವಂತ ವಯಸ್ಕರ ನಾಡಿ ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರ ಸುಮಾರು, ಪರಮಾವಧಿ ಶ್ರಮದಲ್ಲಿ 200ರ ಸುಮಾರು. ಹೇಳಿದ ಅಂಕಿಯನ್ನು ಹತ್ತರಿಂದ ಗುಣಿಸಿದರೆ ನಾಡಿಬಡಿತಕ್ಕೆ ಹತ್ತಿರ ಬರಲಿ ಎಂಬುದು ಬೋರ್ಗರ ಎಣಿಕೆ. ಅವರ ಪ್ರಯೋಗಗಳಲ್ಲಿ ಮಾತಿಗೂ ನಾಡಿಗೂ ಒಳ್ಳೆಯ ಹೊಂದಾಣಿಕೆ ಕಂಡಿತ್ತು. ಆ ನಂತರದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದವರು ಹೊಂದಾಣಿಕೆ ಅಷ್ಟು ಬಿಗಿಯಾದುದಲ್ಲ ಎಂದಿದ್ದಾರೆ. ವಯಸ್ಸು ಏರಿದಂತೆ ಪರಮಾವಧಿ ನಾಡಿ ಇಳಿಯುತ್ತದೆ. ಬಿಸಿಲಿನಲ್ಲಿ ಅದೇ ಕೆಲಸಕ್ಕೆ ನಾಡಿ ಏರುತ್ತದೆ. ಆದರೆ ಬೋರ್ಗರ ಮುಖ್ಯ ವಿಚಾರ ಬೇರೆಯೇ. ಮನುಷ್ಯನು ತನ್ನ ದಣಿವನ್ನು ಅಂದಾಜು ಮಾಡುವಾಗ ಎದೆಬಡಿತ, ಉಸಿರು, ಸ್ನಾಯುಗಳ ಉರಿ, ಕೀಲುಗಳ ನೋವು, ಮೈಯ ಕಾವು ಎಲ್ಲವನ್ನೂ ಒಟ್ಟಿಗೆ ಕೂಡಿಸಿ ಒಂದು ಮೊತ್ತ ಹೇಳುತ್ತಾನೆ. ಯಾವ ಒಂದು ಉಪಕರಣವೂ ಈ ಕೂಡುಲೆಕ್ಕ ಮಾಡಲಾರದು. ನಾಡಿ ನೋಡುವ ಯಂತ್ರಕ್ಕೆ ನಡುನೋವು ಕಾಣುವುದಿಲ್ಲ. 1982ರಲ್ಲಿ ಬೋರ್ಗರು ಸೊನ್ನೆಯಿಂದ ಹತ್ತರವರೆಗಿನ ಇನ್ನೊಂದು ಪಟ್ಟಿಯನ್ನೂ ಕೊಟ್ಟರು. ಒಂದೇ ಕೈಯ ಅಥವಾ ನಡುವಿನ ಶ್ರಮವನ್ನು ಕೇಳಲು ಅದು ಅನುಕೂಲ. 1976ರಲ್ಲಿ ಕಾರ್ಲೆಟ್ ಮತ್ತು ಬಿಷಪ್ ಎಂಬಿಬ್ಬರು ಮನುಷ್ಯದೇಹದ ರೇಖಾಚಿತ್ರವನ್ನು ಭಾಗಗಳಾಗಿ ವಿಂಗಡಿಸಿ "ಎಲ್ಲಿ ತೊಂದರೆ, ತೋರಿಸಿ" ಎಂದು ಕೇಳುವ ಕ್ರಮ ತಂದರು. ಅಕ್ಷರ ಬಾರದವರಿಗೂ ಬೆರಳಿಟ್ಟು ತೋರಿಸುವುದು ಸುಲಭ.

ಬೋರ್ಗರ ಪಟ್ಟಿ ನಮ್ಮ ಮನೆಗೆ ಬಂದದ್ದು 2012ರ ಸುಮಾರಿಗೆ, ಫಿಸಿಯೋಥೆರಪಿ ಓದುತ್ತಿದ್ದ ನನ್ನ ಮಗಳ ಚೀಲದಲ್ಲಿ, ಅಂಗೈಯಗಲದ ಒಂದು ಕಾರ್ಡಿನ ರೂಪದಲ್ಲಿ. ಓದು ಮುಗಿಸಿ ಅವಳು ಹೊಸಪೇಟೆಯಲ್ಲಿ ಕೆಲಸಕ್ಕೆ ಸೇರಿದಳು. ಅವಳ ಬಳಿ ಬರುವವರಲ್ಲಿ ಬಹಳ ಮಂದಿ ಹಮಾಲರು, ಗಾರೆ ಕೆಲಸದವರು, ಕಬ್ಬು ಕಡಿಯುವವರು. ಕಾರ್ಡಿನಲ್ಲಿದ್ದುದು ಇಂಗ್ಲಿಷ್. ಮೊದಲ ವಾರವೇ ಅವಳು ಫೋನು ಮಾಡಿ, "ಅಪ್ಪಾ, ಇದನ್ನ ನಮ್ಮ ಜನರ ಮಾತಿನಲ್ಲಿ ಹೇಗೆ ಕೇಳಲಿ?" ಎಂದಳು. ಕಂಪ್ಲಿ ಕಡೆಯ ಐವತ್ತು ದಾಟಿದ ಹಮಾಲರೊಬ್ಬರನ್ನು ಅವಳು ಹಿಂದಿನ ದಿನ ಕೇಳಿದ್ದಳಂತೆ: "ಯಜಮಾನ್ರೇ, ಚೀಲ ಎತ್ತುವಾಗ ಎಷ್ಟು ಆಯಾಸ ಆಗುತ್ತದೆ, ಆರರಿಂದ ಇಪ್ಪತ್ತರೊಳಗೆ ಒಂದು ನಂಬರ್ ಹೇಳಿ." ಅವರು ಸ್ವಲ್ಪ ಹೊತ್ತು ಕಾರ್ಡನ್ನೂ ಅವಳ ಮುಖವನ್ನೂ ನೋಡಿ, "ಏನಿಲ್ಲಮ್ಮ, ರೂಢಿ ಆಗೈತಿ. ನೀವೇ ಒಂದು ಛಲೋದು ನೋಡಿ ಬರ್ಕಳ್ರಿ" ಎಂದರಂತೆ.

ಕೇಳಿ ನಕ್ಕೆವು. ಆದರೆ ಆ ಉತ್ತರ ನನ್ನನ್ನು ಬಹಳ ದಿನ ಕಾಡಿತು. 'ಆಯಾಸ' ಎಂಬುದು ನಿಘಂಟಿನ ಮಾತು, ಆಸ್ಪತ್ರೆಯ ಮಾತು. ಕನ್ನಡದಲ್ಲಿ ದಣಿವಿಗೆ ಎಷ್ಟು ಹೆಸರುಗಳಿವೆ! ದಣಿವು ಬೇರೆ, ಬಳಲಿಕೆ ಬೇರೆ, ಸುಸ್ತು ಬೇರೆ. ಏದುಸಿರು ಎದೆಗೆ ಸೇರಿದ್ದು, ಮೈಕೈ ನೋವು ಸ್ನಾಯುವಿಗೆ ಸೇರಿದ್ದು, ಬೇಸರ ಮನಸ್ಸಿಗೆ ಸೇರಿದ್ದು. 'ಹೈರಾಣಾದೆ' ಎನ್ನುವಾಗ ಇವು ಮೂರೂ ಕೂಡಿರುತ್ತವೆ. ಒಂದು ರಜೆಯ ದಿನ ನಾನೂ ಮಗಳೂ ಚಹಾದಂಗಡಿಯೊಂದರ ಬೆಂಚಿನ ಮೇಲೆ ಕುಳಿತು, ಚೀಲ ಇಳಿಸಿ ಬಂದಿದ್ದ ಐದಾರು ಜನರನ್ನು ಮಾತಿಗೆಳೆದೆವು. ನಂಬರು ಕೇಳಲಿಲ್ಲ. ಬೆಳಗಿನ ಮೊದಲ ಚೀಲದಿಂದ ಸಂಜೆಯ ಕೊನೆಯ ಚೀಲದವರೆಗೆ ಮೈ ಏನೇನು ಹೇಳುತ್ತದೆ, ಅದನ್ನೇ ಹೇಳಿ ಎಂದೆವು. ಮಾತುಗಳು ತಾವಾಗಿಯೇ ಸಾಲಾಗಿ ಬಂದವು. 'ಆರಾಮ.' 'ಹಗೂರ.' 'ನಡಿತೈತಿ.' 'ಜಗ್ಗತೈತಿ.' 'ದಮ್ಮು ಹತ್ತೈತಿ.' 'ಸಾಕಾತು.' 'ಇನ್ನ ಆಗಂಗಿಲ್ಲ.' ಏಳು ಮೆಟ್ಟಿಲು! 'ಜಗ್ಗತೈತಿ' ಮೊದಲೋ 'ದಮ್ಮು ಹತ್ತೈತಿ' ಮೊದಲೋ ಎಂದು ಇಬ್ಬರು ವಾದ ಮಾಡಿದರು. ಎತ್ತುವಾಗ ನಡು ಮೊದಲು ಜಗ್ಗುತ್ತದೆ, ಹಲಗೆಯೇರಿ ಲಾರಿ ತುಂಬುವಾಗ ದಮ್ಮು ಮೊದಲು ಹತ್ತುತ್ತದೆ ಎಂದು ಮೂರನೆಯವರು ತೀರ್ಪು ಕೊಟ್ಟರು. ಉಸಿರಾಟದ ಶ್ರಮವನ್ನೂ ಸ್ನಾಯುಗಳ ಶ್ರಮವನ್ನೂ ಬೇರೆಬೇರೆಯಾಗಿ ಕೇಳಬೇಕೆಂದು ಸಂಶೋಧಕರು ಹೇಳುವುದೂ ಇದನ್ನೇ.

ಅದೇ ಅಂಗಡಿಯ ಕಸ ಗುಡಿಸುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ನಮ್ಮ ಮಾತನ್ನು ಕೇಳಿಸಿಕೊಳ್ಳುತ್ತಿದ್ದರು. ಹರೆಯದಲ್ಲಿ ಅದಿರು ಆರಿಸಿದವರು, ಆಮೇಲೆ ಮನೆ ಕಟ್ಟುವ ಕಡೆ ಪುಟ್ಟಿ ಹೊತ್ತವರು. "ನಿಮಗೆ ಎಷ್ಟವ್ವ ದಣಿವು?" ಎಂದು ಮಗಳು ಕೇಳಿದಾಗ ಅವರು ತಡಮಾಡದೆ ಅಂದರು: "ಹನ್ನೆರಡಾಣೆ ದಣಿತಿದ್ದೆ ಮಗಳೇ. ಇನ್ನ ನಾಲ್ಕಾಣೆ ಮನಿಗೆ ಉಳಿಸ್ಕಬೇಕಲ್ಲ." ಹದಿನಾರಾಣೆಯ ರೂಪಾಯಿ ಚಲಾವಣೆಯಿಂದ ಹೋಗಿ ಎಷ್ಟೋ ದಶಕಗಳಾದರೂ 'ಹದಿನಾರಾಣೆ ಸತ್ಯ' ಎಂಬ ಮಾತು ನಮ್ಮಲ್ಲಿ ಉಳಿದಿದೆ. ಆ ತಾಯಿ ಅದನ್ನೇ ಅಳತೆಗೋಲು ಮಾಡಿಕೊಂಡಿದ್ದರು. ಸಂಜೆ ಐದು ಗಂಟೆಗೆ ಗಂಡಸಿನ ಕೆಲಸ ಮುಗಿಯುತ್ತದೆ. ಹೆಂಗಸಿಗೆ ಆಮೇಲೆ ನೀರು, ಒಲೆ, ರೊಟ್ಟಿ, ಮಕ್ಕಳು. ಕೆಲಸದ ಜಾಗದಲ್ಲಿ ಕೇಳಿದ ಅಂಕಿಯಲ್ಲಿ ಈ ನಾಲ್ಕಾಣೆ ಸೇರುವುದಿಲ್ಲ. ಹೆಂಗಸರು ನಿಧಾನವಾಗಿ ಕೆಲಸ ಮಾಡುತ್ತಾರೆ ಎಂದು ದೂರುವ ಮೇಸ್ತ್ರಿಗಳು ಉಳಿಸಿಕೊಂಡ ಈ ನಾಲ್ಕಾಣೆಯನ್ನು ಸೋಮಾರಿತನ ಎಂದು ಎಣಿಸುತ್ತಾರೆ.

ಮಗಳು ಈ ಮಾತುಗಳನ್ನು ಬರೆದುಕೊಂಡಳು. ಆದರೆ ಅವುಗಳನ್ನೇ ಬೋರ್ಗರ ಅಂಕಿಗಳ ಜಾಗದಲ್ಲಿ ಕೂರಿಸಲು ಒಪ್ಪಲಿಲ್ಲ. "ಮಾತು ಬದಲಾದರೆ ಅಳತೆಯೂ ಬದಲಾಗುತ್ತದೆ ಅಪ್ಪಾ. ನಾಡಿ ನೋಡಿ, ನೂರಾರು ಜನರ ಮೇಲೆ ಪರೀಕ್ಷಿಸಿದ ಮೇಲೆಯೇ ಅದನ್ನು ಮಾಪಕ ಎನ್ನಬೇಕು" ಎಂದಳು. ಸರಿಯಾದ ಮಾತು. ಈಗ ಅವಳು ಮೊದಲು ಊರ ಮಾತಿನಲ್ಲಿ ಕೇಳಿ, ವಿವರಿಸಿ, ಆಮೇಲೆ ಕಾರ್ಡು ತೋರಿಸಿ ಅಂಕಿ ಕೇಳುತ್ತಾಳೆ. ಈಗ ಯಾರೂ "ನೀವೇ ಬರ್ಕಳ್ರಿ" ಎನ್ನುವುದಿಲ್ಲವಂತೆ.

ನಾನೂ ಸುಮ್ಮನಿರಲಿಲ್ಲ. ನಿವೃತ್ತಿಗೆ ಮುಂಚಿನ ಒಂದು ವರ್ಷ ಶಾಲೆಯ ಮೈದಾನದಲ್ಲಿ ಮಕ್ಕಳಿಂದಲೇ ಪ್ರಯೋಗ ಮಾಡಿಸಿದೆ. ಒಂದೇ ಅಳತೆಯ ಎರಡು ಸಣ್ಣ ಡಬ್ಬಿ, ಒಂದರಲ್ಲಿ ಮಣ್ಣು, ಇನ್ನೊಂದರಲ್ಲಿ ಅದಿರಿನ ಚೂರು. ಹಿಡಿದು ಒಂದು ಸುತ್ತು ನಡೆದು ಬರುವುದು, ಮೂವತ್ತು ಸೆಕೆಂಡು ನಾಡಿ ಎಣಿಸಿ ಎರಡರಿಂದ ಗುಣಿಸುವುದು, ಪಟ್ಟಿ ನೋಡಿ ಅಂಕಿ ಹೇಳುವುದು. ಹುಡುಗಿಯರ ಅಂಕಿಗಳು ನಾಡಿಗೆ ಹತ್ತಿರವಿದ್ದವು. ಹುಡುಗರಲ್ಲೊಬ್ಬನ ನಾಡಿ 140 ದಾಟಿತ್ತು. ಅವನು ಎದೆಯುಬ್ಬಿಸಿ "ಎಂಟು ಸಾರ್" ಎಂದ. ಗೆಳೆಯರೆಲ್ಲ ಸುತ್ತ ನಿಂತಿದ್ದರಲ್ಲ! ಮಾರನೆಯ ದಿನ ಒಬ್ಬೊಬ್ಬರನ್ನೇ ಪ್ರಯೋಗಶಾಲೆಯೊಳಗೆ ಕರೆದು, ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿರಿ, ಹೆಸರು ಬೇಡ ಎಂದೆ. ಆ ಚೀಟಿಗಳಲ್ಲಿ ಒಂದರಲ್ಲೂ ಎಂಟು ಇರಲಿಲ್ಲ. ಯಾರ ಎದುರಿನಲ್ಲಿ ಕೇಳುತ್ತೇವೆ ಎಂಬುದೂ ಅಳತೆಯ ಒಂದು ಭಾಗವೆಂದು ಮಕ್ಕಳಿಗೆ ಅದರಿಂದ ತಿಳಿಯಿತು.

ದುಡಿಯುವವರ ವಿಷಯದಲ್ಲಿ ಇದು ಹುಡುಗಾಟದ ಮಾತಲ್ಲ. ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವವನು "ಸಾಕಾತು" ಎಂದರೆ ಆ ದಿನದ ಗಳಿಕೆ ಅಲ್ಲಿಗೆ ನಿಂತಿತು. ಮೇಸ್ತ್ರಿಯ ಎದುರು 17 ಎಂದವಳನ್ನು ನಾಳೆ ಕರೆಯದಿದ್ದರೆ ಅವಳು ನಾಡಿದ್ದು 11 ಎನ್ನುತ್ತಾಳೆ. ಆ 11 ಸುಳ್ಳಲ್ಲ. ಅವಳು ಹೇಳುತ್ತಿರುವುದು ದಣಿವನ್ನಲ್ಲ, ಮನೆಯ ಅಕ್ಕಿಯ ಡಬ್ಬಿಯನ್ನು. ಇದಕ್ಕೆ ರೂಢಿಯೂ ಸೇರುತ್ತದೆ. ಇಪ್ಪತ್ತು ವರ್ಷ ಹೊತ್ತವನಿಗೆ ನೋವೇ ಸಹಜಸ್ಥಿತಿಯಾಗಿ, ನೋವಿಲ್ಲದ ದಿನ ಹೇಗಿರುತ್ತದೆಂಬುದೇ ಮರೆತಿರುತ್ತದೆ. ಆದ್ದರಿಂದ ಬೋರ್ಗರ ಪಟ್ಟಿಯನ್ನು ಯಾರ ಕೈಗೆ ಕೊಡುತ್ತೇವೆ ಎಂಬುದು ಪಟ್ಟಿಯಷ್ಟೇ ಮುಖ್ಯ. ಭಯವಿಲ್ಲದೆ ಹೇಳಬಹುದಾದ ಜಾಗದಲ್ಲಿ, ಕೂಲಿ ಕೊಡುವವನಲ್ಲದ ಮನುಷ್ಯ, ಅವರ ಮಾತಿನಲ್ಲಿ ಕೇಳಿದಾಗ ಮಾತ್ರ ಅದು ಅಳತೆ. ಇಲ್ಲವಾದರೆ ಕೇವಲ ಕಾಗದ.

ಹೊರಗಿನ ಅಳತೆ ಮತ್ತು ಒಳಗಿನ ಅಳತೆ ಎರಡೂ ಏಕೆ ಬೇಕೆಂಬುದಕ್ಕೆ ತಲೆಹೊರೆಯ ಸಂಶೋಧನೆಯೇ ಒಳ್ಳೆಯ ಸಾಕ್ಷಿ. 1971ರಲ್ಲಿ ಭಾರತದ ದತ್ತ ಮತ್ತು ರಾಮನಾಥನ್ ಎಂಬ ವಿಜ್ಞಾನಿಗಳು ಹೊರೆ ಹೊರುವ ಏಳು ಕ್ರಮಗಳನ್ನು ಹೋಲಿಸಿದರು. ಎದೆಗೂ ಬೆನ್ನಿಗೂ ಸಮನಾಗಿ ಹಂಚಿಕೊಂಡರೆ ಮೈಗೆ ಕಡಿಮೆ ಖರ್ಚು, ಕೈಯಲ್ಲಿ ಹಿಡಿದು ನಡೆದರೆ ಅತಿ ಹೆಚ್ಚು ಎಂದು ಕಂಡುಬಂತು. ತಲೆಹೊರೆ ಕಡಿಮೆ ಖರ್ಚಿನ ಸಾಲಿನಲ್ಲೇ ಇತ್ತು. 1986ರಲ್ಲಿ ಕೆನ್ಯಾ ದೇಶದ ಮಹಿಳೆಯರನ್ನು ಪರೀಕ್ಷಿಸಿದವರು ತಮ್ಮ ಮೈತೂಕದ ಶೇಕಡಾ 20ರಷ್ಟು ಭಾರವನ್ನು ಅವರು ಹೆಚ್ಚಿನ ಶಕ್ತಿವ್ಯಯವಿಲ್ಲದೆ ತಲೆಯ ಮೇಲೆ ಹೊರಬಲ್ಲರೆಂದು ಪ್ರಕಟಿಸಿದರು. ಜಗತ್ತು ಬೆರಗಾಯಿತು. ಆದರೆ 2010ರಲ್ಲಿ ದಕ್ಷಿಣ ಆಫ್ರಿಕಾದ ಖೋಸಾ ಸಮುದಾಯದ ಮಹಿಳೆಯರ ಆಮ್ಲಜನಕವನ್ನು ಅಳೆದದ್ದಲ್ಲದೆ ಅವರ ಅನುಭವವನ್ನೂ ಕೇಳಲಾಯಿತು. ತಲೆಹೊರೆಯಿಂದ ಶಕ್ತಿಯ ಉಳಿತಾಯ ಎಲ್ಲರಿಗೂ ಆಗುವುದಿಲ್ಲವೆಂದೂ ಅದರ ಜೊತೆಗೆ ಕತ್ತಿನ ನೋವು ಇದ್ದೇ ಇದೆಯೆಂದೂ ಆಗ ತಿಳಿಯಿತು. ಉಸಿರಿನ ಯಂತ್ರಕ್ಕೆ ಕಾಣದಿದ್ದ ಕತ್ತು ಕೇಳಿದಾಗ ಕಂಡಿತು. ಸಿಂಬಿ ಕಟ್ಟಿಕೊಂಡು ನೇರವಾಗಿ ನಡೆಯುವ ನಮ್ಮ ಹೆಣ್ಣುಮಕ್ಕಳ ನಡಿಗೆಯ ಚೆಂದವನ್ನು ಹೊಗಳುವಾಗ ಇದನ್ನು ನೆನಪಿಡಬೇಕು.

ಕಾನೂನು ಏನು ಹೇಳುತ್ತದೆ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿ ಗರಿಷ್ಠ ಹೊರೆಯ ಕುರಿತು ಒಡಂಬಡಿಕೆಯೊಂದನ್ನು ಅಂಗೀಕರಿಸಿತು. ಅದರ ಜೊತೆಗಿನ ಶಿಫಾರಸಿನಲ್ಲಿ ವಯಸ್ಕ ಗಂಡಸಿಗೆ 55 ಕಿಲೋ ಮೇಲ್ಮಿತಿ. ಹೆಂಗಸರಿಗೂ ಎಳೆಯರಿಗೂ ಅದಕ್ಕಿಂತ ಬಹಳ ಕಡಿಮೆ ಇರಬೇಕು. ಭಾರತ ಅದಕ್ಕೆ ಸಹಿ ಹಾಕಿದ್ದು 2010ರಲ್ಲಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ 1991ರ ಸೂತ್ರದ ಪ್ರಕಾರ ಎಲ್ಲ ಅನುಕೂಲವಿದ್ದಾಗಲೂ, ಮೈಗೆ ಹತ್ತಿರ ಹಿಡಿದು, ನಡು ತಿರುಗಿಸದೆ, ಆಗೊಮ್ಮೆ ಈಗೊಮ್ಮೆ ಎತ್ತುವಾಗಲೂ ಮಿತಿ 23 ಕಿಲೋ. ನಮ್ಮ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ವ್ಯಾಪಾರ ನಡೆಯುವುದು 75 ಕಿಲೋ ಚೀಲದ ಲೆಕ್ಕದಲ್ಲಿ. ಸಿಮೆಂಟು ಚೀಲ 50 ಕಿಲೋ. ಚೀಲದ ಗಾತ್ರವನ್ನು ತೀರ್ಮಾನಿಸಿದವರು ವ್ಯಾಪಾರದ ಅನುಕೂಲ ನೋಡಿದರು. ಬೆನ್ನಿನ ಅನುಕೂಲ ನೋಡಿದಂತಿಲ್ಲ.

ಅಮೆರಿಕದ ಸ್ಟೋವರ್ ಸ್ನೂಕ್ ಎಂಬವರು ಇದನ್ನು ತಿರುವುಮುರುವು ಮಾಡಿದರು. ಪೆಟ್ಟಿಗೆಯ ತೂಕವನ್ನು ತಾವು ಹೇಳಲಿಲ್ಲ. ಕೆಲಸಗಾರರಿಗೇ ಬಿಟ್ಟರು: ನಿಮಗೆ ಅತಿಯಾದ ದಣಿವು, ಸೆಕೆ, ಏದುಸಿರು ಬಾರದಂತೆ ದಿನವಿಡೀ ಎತ್ತಬಹುದಾದಷ್ಟು ತೂಕವನ್ನು ನೀವೇ ಹಾಕಿಕೊಳ್ಳಿ, ಹೆಚ್ಚಾದರೆ ತೆಗೆಯಿರಿ. ಹೀಗೆ ಕೆಲಸಗಾರರೇ ಆರಿಸಿಕೊಂಡ ತೂಕಗಳನ್ನು 1978ರಲ್ಲಿಯೂ, ಪರಿಷ್ಕರಿಸಿ 1991ರಲ್ಲಿಯೂ ಕೋಷ್ಟಕಗಳಾಗಿ ಪ್ರಕಟಿಸಿದರು. ಇಂದಿಗೂ ಲೋಕದ ಅನೇಕ ಕಾರ್ಖಾನೆಗಳು ಅವುಗಳನ್ನು ನೋಡುತ್ತವೆ. ಹೊತ್ತವರನ್ನು ಕೇಳಿದರೆ ಅವರು ಮೈಗಳ್ಳತನ ಮಾಡುತ್ತಾರೆ ಎಂಬ ಅನುಮಾನಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಕೇಳಿದ ಅಂಕಿಯಿಂದ ಏನು ಮಾಡಬೇಕು? ದೊಡ್ಡ ಯಂತ್ರವೇ ಬೇಕೆಂದಿಲ್ಲ. ಚೀಲಗಳನ್ನು ನೆಲದ ಮೇಲೆ ಒಟ್ಟುವ ಬದಲು ಸೊಂಟದೆತ್ತರದ ಕಟ್ಟೆಯ ಮೇಲೆ ಒಟ್ಟಬಹುದು. ಎರಡು ಗಾಲಿಯ ತಳ್ಳುಗಾಡಿ ಕೊಡಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಹೊರುವ ಕೆಲಸವನ್ನು ಬೆಳಗಿಗೆ ಸರಿಸಿ, ನೆರಳು ನೀರು ಒದಗಿಸಬಹುದು. ಚೀಲ ಸಣ್ಣದು ಮಾಡಬಹುದು. ಹಾಗೆ ಮಾಡುವಾಗ ಚೀಲದ ಕೂಲಿ ತಗ್ಗದಂತೆ ನೋಡಬೇಕು. ಇಲ್ಲವಾದರೆ ಅದೇ ಗಳಿಕೆಗೆ ಹೆಚ್ಚು ಚೀಲ ಹೊತ್ತು ದಣಿವು ಅಲ್ಲಿಗೇ ಬರುತ್ತದೆ. ಬದಲಾವಣೆಗೆ ಮುಂಚೆ ಒಮ್ಮೆ, ನಂತರ ಒಮ್ಮೆ ಕೇಳಿದರೆ 17 ಇದ್ದದ್ದು 13ಕ್ಕೆ ಇಳಿಯಿತೋ ಇಲ್ಲವೋ ಎಂಬುದು ತಿಳಿಯುತ್ತದೆ. ಒಂದು ಕಾರ್ಡು, ಒಂದು ಪೆನ್ಸಿಲು, ಕೇಳುವ ತಾಳ್ಮೆ ಸಾಕು. ಏನೂ ಮಾಡುವ ಮನಸ್ಸಿಲ್ಲದವರು ಮಾತ್ರ ಕೇಳಲು ಹೋಗಬಾರದು. ಕೇಳಿಸಿಕೊಂಡು ಏನೂ ಮಾಡದಿದ್ದರೆ ಮುಂದಿನ ಸಲ ನಿಜ ಹೇಳುವವರು ಸಿಗುವುದಿಲ್ಲ.

ಕಾಯಕವನ್ನು ಕೊಂಡಾಡಿದ ನಾಡು ನಮ್ಮದು. ಆಯ್ದಕ್ಕಿ ಲಕ್ಕಮ್ಮನು ಅಂದಂದಿಗೆ ಬೇಕಾದಷ್ಟು ಅಕ್ಕಿ ಸಾಕು, ಹೆಚ್ಚಿನದನ್ನು ಮರಳಿ ಚೆಲ್ಲಿ ಬಾ ಎಂದು ಗಂಡನನ್ನು ಕಳುಹಿಸಿದ ಕಥೆಯನ್ನು ನಾವೆಲ್ಲ ಮಕ್ಕಳಿಗೆ ಹೇಳಿದ್ದೇವೆ. ಗಳಿಕೆಯಲ್ಲಿ 'ಸಾಕು' ಎಂಬ ಮಾತಿಗೆ ಅಷ್ಟು ಬೆಲೆ ಕೊಟ್ಟವರು ದುಡಿಮೆಯಲ್ಲಿ 'ಸಾಕು' ಎನ್ನುವವರ ಮಾತಿಗೂ ಬೆಲೆ ಕೊಡಬೇಡವೇ? ನಿಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತು ಮೂರನೆಯ ಮಹಡಿ ಏರುವವರನ್ನು, ನಿಮ್ಮ ಮನೆಯ ತಾರಸಿಗೆ ಕಾಂಕ್ರೀಟು ಹೊರುವವರನ್ನು, ಭತ್ತದ ಚೀಲ ಇಳಿಸುವವರನ್ನು ಒಮ್ಮೆ ಕೇಳಿ ನೋಡಿ. ನಿಮ್ಮ ಊರಿನಲ್ಲಿ ದಣಿವಿನ ಮೆಟ್ಟಿಲುಗಳಿಗೆ ಯಾವ ಯಾವ ಹೆಸರುಗಳಿವೆಯೋ ಬರೆದು ತಿಳಿಸಿದರೆ ನನಗೂ ಮಗಳಿಗೂ ಸಂತೋಷ. ನಮ್ಮ ಪಟ್ಟಿಯಲ್ಲಿ ಈಗ ಏಳು ಮಾತುಗಳಿವೆ. ಇನ್ನಷ್ಟು ಸೇರಲಿ.